ಬೀಗ ಬಿದ್ದ ಮನೆಯ ಹಾಜರಿ

ಸಂಕ್ರಾಂತಿ ಕಳೆದ ಮೇಲೆ ಆಂಧ್ರದ ಆದವಾನಿ, ಕೋಸಿಗಿ ಕಡೆಯ ಹಳ್ಳಿಗಳಲ್ಲಿ ಎಷ್ಟೋ ಬಾಗಿಲುಗಳಿಗೆ ಬೀಗ. ಅಕ್ಕಿ ಚೀಲ, ಪಾತ್ರೆ, ಮಕ್ಕಳ ಸಮೇತ ಮನೆಮಂದಿಯೆಲ್ಲ ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು ಗುಳೆ ಹೋಗಿರುತ್ತಾರೆ. ಆಂಧ್ರ ಸರ್ಕಾರ 2025ರಲ್ಲಿ ಜಾರಿಗೆ ತಂದ ‘ತಲ್ಲಿಕಿ ವಂದನಂ’ ಯೋಜನೆ ಶಾಲೆಗೆ ಹೋಗುವ ಪ್ರತಿ ಮಗುವಿನ ಲೆಕ್ಕದಲ್ಲಿ ತಾಯಿಯ ಖಾತೆಗೆ 13,000 ರೂಪಾಯಿ ಹಾಕುತ್ತದೆ. ಆದರೆ ಶೇ 75 ಹಾಜರಿ ಬೇಕು. ಮೂರು ತಿಂಗಳು ಊರಲ್ಲೇ ಇಲ್ಲದ ಮಗು ಅದನ್ನು ಎಲ್ಲಿಂದ ತರಬೇಕು?

ಷರತ್ತು ತೆಗೆದರೆ ಮಕ್ಕಳು ಶಾಲೆಗೇ ಬರುವುದಿಲ್ಲ ಎನ್ನುವವರ ಮಾತು ಸುಳ್ಳಲ್ಲ. ಷರತ್ತು ಇರಲಿ, ಮಗು ಉಳಿಯಲು ಜಾಗವೂ ಇರಲಿ. ಪಡಿತರ ಚೀಟಿ ಈಗ ಯಾವ ಊರಲ್ಲಾದರೂ ನಡೆಯುತ್ತದೆ. ದುಡಿಯುವ ಕುಟುಂಬ ಊರು ಬಿಡುತ್ತದೆಂದು ಅಲ್ಲಿ ಒಪ್ಪಿದ ಸರ್ಕಾರ ಶಾಲೆಯಲ್ಲೂ ಒಪ್ಪಬೇಕು. ಗುಳೆ ಹೋಗುವವರ ಮಕ್ಕಳಿಗೆ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಹಂಗಾಮಿನ ಹಾಸ್ಟೆಲ್‌ಗೆ ಅವಕಾಶವಿದೆ. ಗುಳೆಯ ಲಾರಿ ಹೊರಡುವ ಮೊದಲೇ ಆ ಹಾಸ್ಟೆಲ್‌ಗಳ ಬಾಗಿಲು ತೆರೆಯಬೇಕು.