ಅಂಗೈಯಷ್ಟು ರಬ್ಬರಿನ ಮೇಲೆ ಕುಳಿತ ಎಂಜಿನ್

ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ

ನನ್ನ ಮಾವ ಮಡಿಕೇರಿಯಲ್ಲಿ ಜೀಪು ಓಡಿಸುತ್ತಾರೆ. ಮಾಂದಲ್‌ಪಟ್ಟಿ ನೋಡಲು ಬರುವ ಪ್ರವಾಸಿಗರನ್ನು ಆ ಕಲ್ಲು-ಕೆಸರಿನ ದಾರಿಯಲ್ಲಿ ಮೇಲಕ್ಕೆ ಕರೆದೊಯ್ದು ಮತ್ತೆ ಕೆಳಗೆ ತರುವುದೇ ಅವರ ದುಡಿಮೆ. ಕಳೆದ ದಸರಾ ರಜೆಯಲ್ಲಿ ನಾನು ಅವರ ಮನೆಗೆ ಹೋದಾಗ ಜೀಪು ಅಂಗಳದಲ್ಲಿ ನಿಂತಿತ್ತು. ಸೀಸನ್ ಹೊತ್ತಿನಲ್ಲಿ ಜೀಪು ಮನೆಯಲ್ಲಿ ನಿಂತಿದೆ ಎಂದರೆ ಏನೋ ಸರಿಯಿಲ್ಲ ಎಂದೇ ಅರ್ಥ.

ಹಿಂದಿನ ದಿನ ಏರಿನ ಮಧ್ಯದಲ್ಲಿ ಗೇರ್ ತಾನಾಗಿಯೇ ಕಳಚಿ ನ್ಯೂಟ್ರಲ್‌ಗೆ ಬಂದಿತ್ತಂತೆ. ಜೀಪಿನಲ್ಲಿ ಆರು ಜನರಿದ್ದರು. ಮಾವ ಬ್ರೇಕ್ ತುಳಿದು ಹಿಡಿದದ್ದರಿಂದ ಏನೂ ಆಗಲಿಲ್ಲ. "ಕಾರಣ ಗೊತ್ತಾಗುವ ತನಕ ಯಾರನ್ನೂ ಹತ್ತಿಸುವುದಿಲ್ಲ" ಎಂದು ಅವರು ಟ್ರಿಪ್ ನಿಲ್ಲಿಸಿಬಿಟ್ಟಿದ್ದರು.

ಸೂಚನೆಗಳು ಮೊದಲೇ ಇದ್ದವು. ನಾಲ್ಕು ತಿಂಗಳಿಂದ ಐಡ್ಲಿಂಗ್‌ನಲ್ಲಿ ಸ್ಟೀರಿಂಗ್ ಕೈಯಲ್ಲಿ ನಡುಗುತ್ತಿತ್ತು. ಸೈಲೆನ್ಸರ್ ಪೈಪ್ ಎರಡು ಸಲ ಬಿರುಕು ಬಿಟ್ಟು ವೆಲ್ಡಿಂಗ್ ಮಾಡಿಸಿ ಆಗಿತ್ತು. ಫ್ಯಾನ್ ಆಗಾಗ ರೇಡಿಯೇಟರಿನ ತಗಡಿಗೆ ಉಜ್ಜುತ್ತಿತ್ತು. ತೋರಿಸಿದಲ್ಲೆಲ್ಲ ಒಂದೇ ಉತ್ತರ: "ಹಳೆಯ ಡೀಸೆಲ್ ಗಾಡಿ, ನಡುಗದೇ ಇರುತ್ತದಾ?" ಬೇರೆ ಬೇರೆ ಕಾಯಿಲೆಗಳಂತೆ ಕಂಡ ಇವೆಲ್ಲದರ ಮೂಲ ಒಂದೇ ಆಗಿತ್ತು. ಅದು ಎಂಜಿನ್ ಮೌಂಟಿನ ರಬ್ಬರ್ ಬುಷ್.

ಮೌಂಟ್ ಎಂದರೇನು?

ಎಂಜಿನ್ನನ್ನು ಚಾಸಿಗೆ ನೇರವಾಗಿ ಬೋಲ್ಟ್ ಹಾಕಿ ಬಿಗಿಯುವುದಿಲ್ಲ. ನಡುವೆ ರಬ್ಬರ್ ಇರುತ್ತದೆ. ಮಾವನ ಜೀಪಿನಲ್ಲಿ ಅಂಥ ಮೌಂಟುಗಳು ಮೂರು. ಎಂಜಿನ್ನಿನ ಎಡಕ್ಕೊಂದು, ಬಲಕ್ಕೊಂದು, ಗೇರ್‌ಬಾಕ್ಸಿನ ಕೆಳಗೊಂದು. ಎರಡು ಉಕ್ಕಿನ ತಟ್ಟೆಗಳ ನಡುವೆ ಅಂಟಿಸಿದ ಅಂಗೈಯಷ್ಟು ರಬ್ಬರ್ ತುಂಡು, ಅಷ್ಟೇ. ಅದರ ಕೆಲಸ ಮಾತ್ರ ಎರಡು. ಭಾರವನ್ನು ಹೊರುವುದು ಒಂದು, ಎಂಜಿನ್ನಿನ ಕಂಪನ ಚಾಸಿಗೆ ದಾಟದಂತೆ ತಡೆಯುವುದು ಇನ್ನೊಂದು.

ಇದು ಹೇಗೆ ಎಂಬುದಕ್ಕೆ ಪ್ರಥಮ ಪಿಯುಸಿಯಲ್ಲಿ ನಾವು ಓದಿದ ಸ್ಪ್ರಿಂಗ್ ಮತ್ತು ಭಾರದ ಪಾಠವೇ ಸಾಕು. ನಾಲ್ಕು ಸಿಲಿಂಡರಿನ, ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಕ್ರ್ಯಾಂಕ್ ಒಂದು ಸುತ್ತು ತಿರುಗುವಷ್ಟರಲ್ಲಿ ಎರಡು ಸಿಲಿಂಡರ್ ಉರಿಯುತ್ತವೆ. ಐಡ್ಲಿಂಗ್ ವೇಗ ನಿಮಿಷಕ್ಕೆ 750 ಸುತ್ತು ಎಂದರೆ ಸೆಕೆಂಡಿಗೆ 12.5 ಸುತ್ತು, ಅಂದರೆ 25 ಬಡಿತ. ಹೀಗೆ ಎಂಜಿನ್ 25 ಹರ್ಟ್ಸ್‌ನಲ್ಲಿ ನಡುಗುತ್ತದೆ. ರಬ್ಬರ್ ಎಂಬ ಸ್ಪ್ರಿಂಗಿನ ಮೇಲೆ ಕುಳಿತ ಎಂಜಿನ್ನಿಗೆ ತನ್ನದೇ ಸ್ವಾಭಾವಿಕ ಆವೃತ್ತಿಯೂ ಇದೆ. ಅದು 10 ಹರ್ಟ್ಸ್ ಎಂದಿಟ್ಟುಕೊಳ್ಳಿ. ರಬ್ಬರಿನ ಒಳಗಿನ ಘರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ಎಂಜಿನ್ನಿನ ಕಂಪನ ಬಲದಲ್ಲಿ ಐದನೇ ಒಂದು ಭಾಗಕ್ಕಿಂತಲೂ ಕಡಿಮೆ ಮಾತ್ರ ಚಾಸಿಗೆ ತಲುಪುತ್ತದೆ.

ಈಗ ರಬ್ಬರ್ ಗಟ್ಟಿಯಾಗಿ, ಕುಸಿದು, ಲೋಹಕ್ಕೆ ಲೋಹ ತಾಗತೊಡಗಿತು ಎನ್ನಿ. ಸ್ಪ್ರಿಂಗಿನ ಬಿಗುವು ನಾಲ್ಕು ಪಟ್ಟಾದರೆ ಸ್ವಾಭಾವಿಕ ಆವೃತ್ತಿ ಅದರ ವರ್ಗಮೂಲದಷ್ಟು, ಅಂದರೆ ಎರಡು ಪಟ್ಟಾಗಿ 20 ಹರ್ಟ್ಸ್‌ಗೆ ಏರುತ್ತದೆ. 20 ಮತ್ತು 25 ಹತ್ತಿರ ಹತ್ತಿರ ಬಂದವು. ಅನುರಣನೆಯ ನೆರೆಯಲ್ಲಿ ಕಂಪನ ತಗ್ಗುವುದಿಲ್ಲ, ಹಿಗ್ಗುತ್ತದೆ. ಅದೇ ಲೆಕ್ಕದಲ್ಲಿ ಚಾಸಿಗೆ ತಲುಪುವ ಬಲ ಈಗ ಸುಮಾರು 1.8 ಪಟ್ಟು. ಎಂಜಿನ್ ಬದಲಾಗಿಲ್ಲ, ಬದಲಾದದ್ದು ರಬ್ಬರ್ ಮಾತ್ರ. ಸ್ಟೀರಿಂಗ್ ನಡುಗಿದ್ದೂ ಸೈಲೆನ್ಸರ್ ಪೈಪ್ ಒಡೆದದ್ದೂ ಇದರಿಂದಲೇ.

ಗುಡ್ಡ ಹತ್ತುವ ಗಾಡಿಗೇ ಏಕೆ ಹೆಚ್ಚು ಪೆಟ್ಟು?

ಪೇಟೆಯ ಕಾರಿನಲ್ಲಿ ವರ್ಷಗಟ್ಟಲೆ ಬಾಳುವ ಮೌಂಟ್ ಗುಡ್ಡದ ಜೀಪಿನಲ್ಲಿ ಬೇಗ ಹೋಗುತ್ತದೆ. ಗುಂಡಿಗಳಲ್ಲಿ ಕುಲುಕಾಡುವುದು ಒಂದು ಕಾರಣ. ದೊಡ್ಡ ಕಾರಣ ನ್ಯೂಟನ್ನನ ಮೂರನೇ ನಿಯಮ. ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರಿ ಹಿಂದಿನ ಶಾಫ್ಟನ್ನು ಒಂದು ದಿಕ್ಕಿಗೆ ತಿರುಚಿದರೆ, ಶಾಫ್ಟ್ ಅವುಗಳನ್ನು ಅಷ್ಟೇ ಬಲದಿಂದ ವಿರುದ್ಧ ದಿಕ್ಕಿಗೆ ತಿರುಚುತ್ತದೆ. ಆ ತಿರುಚನ್ನು ತಡೆಯಬೇಕಾದದ್ದು ಮೌಂಟುಗಳೇ.

ಎಂಜಿನ್ನಿನ ಟಾರ್ಕ್ 120 ನ್ಯೂಟನ್ ಮೀಟರ್ ಎಂದುಕೊಳ್ಳೋಣ. ಟಾಪ್ ಗೇರಿನಲ್ಲಿ ಶಾಫ್ಟಿಗೆ ಹೋಗುವುದೂ ಅಷ್ಟೇ. ಮೌಂಟುಗಳ ನಡುವೆ ಅರ್ಧ ಮೀಟರ್ ಅಂತರವಿದ್ದರೆ ಒಂದೊಂದರ ಮೇಲೂ 240 ನ್ಯೂಟನ್, ಅಂದರೆ ಸುಮಾರು 24 ಕೆ.ಜಿ. ತೂಕದಷ್ಟು ಬಲ. ಏರಿನಲ್ಲಿ ಫೋರ್ ವೀಲ್ ಲೋ, ಮೊದಲ ಗೇರ್ ಹಾಕಿದಿರಿ. ಗೇರ್ 4 ಪಟ್ಟು, ಲೋ ರೇಂಜ್ 2.5 ಪಟ್ಟು ಹೆಚ್ಚಿಸಿದರೆ ಒಟ್ಟು 10 ಪಟ್ಟು. ಈಗ ಒಂದು ಮೌಂಟ್ ಸುಮಾರು 240 ಕೆ.ಜಿ. ಬಲದಿಂದ ಅಮುಕಲ್ಪಡುತ್ತದೆ, ಇನ್ನೊಂದು ಅಷ್ಟೇ ಬಲದಿಂದ ಮೇಲಕ್ಕೆ ಎಳೆಯಲ್ಪಡುತ್ತದೆ. ಹಿಂದಿನ ಮೌಂಟ್ ಇದರಲ್ಲಿ ಸ್ವಲ್ಪ ಪಾಲು ಹೊರುತ್ತದೆ ನಿಜ, ಆದರೂ ವ್ಯತ್ಯಾಸ ಎಷ್ಟೆಂದು ಇದರಿಂದ ತಿಳಿಯುತ್ತದೆ.

ಚಾಲಕನ ಸೀಟಿನಿಂದ ನೋಡಿದರೆ ಈ ಜೀಪಿನ ಕ್ರ್ಯಾಂಕ್ ಅಪ್ರದಕ್ಷಿಣವಾಗಿ ತಿರುಗುತ್ತದೆ. ಆದ್ದರಿಂದ ಎಂಜಿನ್ ಪ್ರದಕ್ಷಿಣವಾಗಿ ವಾಲುತ್ತದೆ, ಎಡಬದಿ ಮೇಲೇಳುತ್ತದೆ. ರಬ್ಬರ್ ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ಅಷ್ಟಾಗಿ ತಾಳುವುದಿಲ್ಲ. ಹರಿದರೆ ಎಡಗಡೆಯದೇ ಮೊದಲು ಹರಿಯಬೇಕು.

ನಾವು ಪರೀಕ್ಷಿಸಿದೆವು. ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಮಾವ ಬ್ರೇಕ್ ತುಳಿದುಕೊಂಡೇ ಮೊದಲ ಗೇರಿನಲ್ಲಿ ಕ್ಲಚ್ಚನ್ನು ಕೂದಲೆಳೆಯಷ್ಟು ಬಿಟ್ಟರು. ನಾನು ಬದಿಯಲ್ಲಿ ನಿಂತು ಬಾನೆಟ್ ಒಳಗೆ ನೋಡುತ್ತಿದ್ದೆ. ಎಂಜಿನ್ನಿನ ಎಡಬದಿ ಎರಡು ಬೆರಳು ಅಗಲದಷ್ಟು ಮೇಲೆದ್ದು ಧಪ್ ಎಂದು ಕುಳಿತಿತು. ಎಂಜಿನ್ ವಾಲಿದರೆ ಗೇರ್‌ಬಾಕ್ಸೂ ವಾಲುತ್ತದೆ. ಅದರ ಮೇಲೆಯೇ ಕುಳಿತ ಗೇರ್ ಲಿವರ್ ನೆಲದ ತಗಡಿನ ತೂತಿನ ಅಂಚಿಗೆ ಬಡಿದು ಕಳಚಿಕೊಳ್ಳುತ್ತಿತ್ತು. ಏರಿನಲ್ಲಿ ಆದದ್ದು ಇದೇ. (ಈ ಪರೀಕ್ಷೆ ಮಾಡುವಾಗ ಗಾಡಿಯ ಮುಂದೆ ಅಥವಾ ಹಿಂದೆ ಯಾರೂ ನಿಲ್ಲಬಾರದು.)

ಬದಲಿಸಿದ್ದು ಹೇಗೆ

ಎಂಜಿನ್ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿದೆವು. ಸಂಪಿನ ಕೆಳಗೆ ದಪ್ಪ ಮರದ ಹಲಗೆ ಇಟ್ಟು ಅದರ ಮೇಲಿಂದ ಜಾಕ್ ಕೊಟ್ಟೆವು. ಹಲಗೆಯಿಲ್ಲದಿದ್ದರೆ ಸಂಪಿನ ತಗಡು ಒಳಗೆ ತಗ್ಗುತ್ತದೆ. ಜಾಕ್ ಎಂಜಿನ್ನಿನ ಭಾರ ಹಿಡಿದ ಮೇಲೆಯೇ ಎರಡೂ ಮುಂದಿನ ಮೌಂಟುಗಳ ನಟ್ ಸಡಿಲಿಸಿದೆವು. ಜಾಕ್ ಮಾತ್ರವೇ ಆಧಾರವಾಗಿರುವಾಗ ಎಂಜಿನ್ನಿನ ಅಡಿಗೆ ತಲೆ ಹಾಕುವುದಾಗಲಿ, ಸಂದಿಗೆ ಕೈ ಹಾಕುವುದಾಗಲಿ ಕೂಡದು. ಎತ್ತಬೇಕಾದದ್ದು ಹಳೆಯ ತುಂಡು ಜಾರಿ ಹೊರಬರುವಷ್ಟು ಮಾತ್ರ. ಪ್ರತಿ ಸಲ ಎತ್ತುವಾಗಲೂ ಫ್ಯಾನ್ ರೇಡಿಯೇಟರಿಗೆ ತಾಗುತ್ತದೆಯೇ, ನೀರಿನ ಹೋಸ್, ಡೀಸೆಲ್ ಪೈಪ್, ಕ್ಲಚ್ಚಿನ ಜೋಡಣೆ ಎಳೆಯುತ್ತಿವೆಯೇ ಎಂದು ನೋಡುತ್ತಿದ್ದೆವು.

ಎಡಗಡೆಯ ಮೌಂಟ್ ಕೈಗೆ ಬಂದಾಗ ಎರಡು ಹೋಳಾಗಿತ್ತು. ಅದರ ರಬ್ಬರ್ ಉಬ್ಬಿ, ಬೆರಳಿಗೆ ಮೆತ್ತಗೆ ಅಂಟುತ್ತಿತ್ತು. ಬಲಗಡೆಯದು ತದ್ವಿರುದ್ಧ. ಕಲ್ಲಿನಂತೆ ಗಟ್ಟಿ, ಮೈಯೆಲ್ಲ ಬಿರುಕು. ಒಂದೇ ವಸ್ತುವಿಗೆ ಎರಡು ಬಗೆಯ ಸಾವು.

ಸುಳ್ಯ, ಬೆಳ್ತಂಗಡಿ ಕಡೆಯಿಂದ ಬರುವ ನಮ್ಮ ಸಹಪಾಠಿಗಳಿಗೆ ರಬ್ಬರ್ ಶೀಟ್ ಹೊಸದಲ್ಲ. ಆ ಕಚ್ಚಾ ರಬ್ಬರ್ ಬಿಸಿಗೆ ಮೆತ್ತಗಾಗಿ ಚಳಿಗೆ ಬಿರುಸಾಗುತ್ತದೆ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಗಂಧಕ ಸೇರಿಸಿ ಕಾಯಿಸಿದಾಗ ಅದು ಸ್ಥಿರವಾಯಿತು. ಗಂಧಕ ರಬ್ಬರಿನ ಉದ್ದನೆಯ ಸರಪಳಿಗಳ ನಡುವೆ ಸೇತುವೆ ಕಟ್ಟುತ್ತದೆ. ಇದೇ ವಲ್ಕನೀಕರಣ. ಎಂಜಿನ್ನಿನ ಶಾಖ ಮತ್ತು ಗಾಳಿಯ ಆಮ್ಲಜನಕ ವರ್ಷಗಟ್ಟಲೆ ತಾಗಿದರೆ ರಬ್ಬರ್ ಗಟ್ಟಿಯಾಗುತ್ತದೆ, ಓಝೋನ್ ಅದರ ದ್ವಿಬಂಧಗಳನ್ನು ಕಡಿದು ಬಿರುಕು ಮೂಡಿಸುತ್ತದೆ. ಬಲಗಡೆಯದರ ಕಥೆ ಇದು. ಎಡಗಡೆಯದರ ಕಥೆ ಬೇರೆ. ಧ್ರುವೀಯವಲ್ಲದ ರಬ್ಬರ್, ತನ್ನಂತೆಯೇ ಧ್ರುವೀಯವಲ್ಲದ ಡೀಸೆಲ್ಲನ್ನು ಹೀರಿ ಉಬ್ಬುತ್ತದೆ, ಬಲ ಕಳೆದುಕೊಳ್ಳುತ್ತದೆ. ತಲೆ ಎತ್ತಿ ನೋಡಿದರೆ ಸರಿಯಾಗಿ ಅದರ ಮೇಲೆ ಡೀಸೆಲ್ ಫಿಲ್ಟರ್, ಅದರ ಜೋಡಣೆಯಿಂದ ಸಣ್ಣಗೆ ತೊಟ್ಟಿಕ್ಕುತ್ತಿತ್ತು. ಆ ಸೋರಿಕೆ ನಿಲ್ಲಿಸದೆ ಹೊಸ ಮೌಂಟ್ ಹಾಕಿದ್ದರೆ ಅದಕ್ಕೂ ಇದೇ ಗತಿ. ಮೊದಲು ಫಿಲ್ಟರಿನ ವಾಷರ್ ಬದಲಿಸಿದೆವು.

ಒಂದೇ ಹರಿದಿದ್ದರೂ ಮೌಂಟುಗಳನ್ನು ಜೋಡಿಯಾಗಿಯೇ ಬದಲಿಸಬೇಕು. ಇಲ್ಲದಿದ್ದರೆ ಒಂದು ಮೆದು, ಒಂದು ಗಟ್ಟಿಯಾಗಿ ಎಂಜಿನ್ ಓರೆಯಾಗುತ್ತದೆ. ಗೇರ್‌ಬಾಕ್ಸಿನ ಕೆಳಗಿನದೂ ಕುಸಿದಿದ್ದರಿಂದ ಅಲ್ಲಿಗೆ ಜಾಕ್ ಸರಿಸಿ ಅದನ್ನೂ ಹೊಸದು ಹಾಕಿದೆವು. ಪಾಲಿಯುರೆಥೇನ್ ಬುಷ್ ಹಾಕಿದರೆ ಹೆಚ್ಚು ಗಟ್ಟಿಯಲ್ಲವೇ ಎಂದು ನಾನು ಕೇಳಿದೆ. ಎಂಜಿನ್ ಅಲುಗಾಟ ಕಡಿಮೆಯಾಗುತ್ತದೆ, ಆದರೆ ಮೇಲಿನ ಲೆಕ್ಕದಂತೆ ಗಟ್ಟಿಯಾದಷ್ಟೂ ಕಂಪನ ಒಳಗೆ ಬರುತ್ತದೆ. ದಿನವಿಡೀ ಜನರನ್ನು ಕೂರಿಸಿಕೊಳ್ಳುವ ಗಾಡಿಗೆ ರಬ್ಬರೇ ಸಾಕೆಂದರು ಮಾವ.

ನನ್ನ ತಪ್ಪು

ಉತ್ಸಾಹದಲ್ಲಿ ನಾನು, ಎಂಜಿನ್ ಇನ್ನೂ ಜಾಕಿನ ಮೇಲೆ ನೇತಾಡುತ್ತಿರುವಾಗಲೇ, ಎಡಗಡೆಯ ನಟ್ಟನ್ನು ಪೂರ್ತಿ ಬಿಗಿದುಬಿಟ್ಟೆ. ಜಾಕ್ ಇಳಿಸಿ ಸ್ಟಾರ್ಟ್ ಮಾಡಿದರೆ ನಡುಕ ಹಾಗೇ ಇತ್ತು! ನನ್ನ ಮುಖ ಬಾಡಿತು. ಮಾವ ಬಗ್ಗಿ ನೋಡಿ ನಕ್ಕರು. ಭಾರ ಕೂರುವ ಮೊದಲೇ ಬಿಗಿದದ್ದರಿಂದ ಹೊಸ ರಬ್ಬರ್ ಒಂದು ಕಡೆಗೆ ತಿರುಚಿಕೊಂಡು ಸಿಕ್ಕಿಬಿದ್ದಿತ್ತು. ಎಂಜಿನ್ ಆರಿಸಿ ಎಲ್ಲ ನಟ್‌ಗಳನ್ನೂ ಸಡಿಲಿಸಿ, ಎಂಜಿನ್ನನ್ನು ಕೈಯಿಂದ ಅತ್ತಿತ್ತ ಅಲುಗಿಸಿ ತನ್ನ ಜಾಗದಲ್ಲಿ ಕೂರಲು ಬಿಟ್ಟು, ಆಮೇಲೆ ಒಂದೊಂದಾಗಿ ಬಿಗಿದೆವು. ಎಲ್ಲ ಬೋಲ್ಟನ್ನೂ ಮೊದಲು ಕೈಯಲ್ಲೇ ತಿರುಗಿಸಿ ಕೂರಿಸುವುದು, ಭಾರ ಇಳಿದ ಮೇಲೆಯೇ ಸ್ಪ್ಯಾನರ್ ಹಿಡಿಯುವುದು ಈ ಕೆಲಸದ ಮುಖ್ಯ ನಿಯಮ. ಕೆಲವು ದಿನ ಓಡಿಸಿದ ಮೇಲೆ ಬಿಗಿತವನ್ನು ಮತ್ತೊಮ್ಮೆ ನೋಡಬೇಕು.

ಮತ್ತೆ ಸ್ಟಾರ್ಟ್ ಮಾಡಿದಾಗ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟಿದ್ದ ಸ್ಪ್ಯಾನರ್ ಅಲುಗಲಿಲ್ಲ. ಮರುದಿನ ಮಾವ ಮೊದಲು ಖಾಲಿ ಜೀಪನ್ನು ಗುಡ್ಡ ಹತ್ತಿಸಿ ಇಳಿಸಿದರು, ಪಕ್ಕದಲ್ಲಿ ನಾನು. ಗೇರ್ ಕಳಚಲಿಲ್ಲ. ಅದರ ಮಾರನೆಯ ದಿನವೇ ಅವರು ಟ್ರಿಪ್‌ಗೆ ಹೊರಟದ್ದು.

ನಮ್ಮ ಮನೆಗಳಲ್ಲೂ ಆಟೋ, ಕಾರು, ಪಿಕಪ್ ಇವೆ. ಐಡ್ಲಿಂಗ್‌ನಲ್ಲಿ ಹೆಚ್ಚು ನಡುಕ, ಗೇರ್ ಹಾಕುವಾಗ ಧಪ್ ಎಂಬ ಸದ್ದು, ಮತ್ತೆ ಮತ್ತೆ ಒಡೆಯುವ ಸೈಲೆನ್ಸರ್ ಪೈಪ್ ಕಂಡರೆ "ಹಳೆಯ ಗಾಡಿ" ಎಂದು ಸುಮ್ಮನಾಗಬೇಡಿ. ಟಾರ್ಚ್ ಹಿಡಿದು ಮೌಂಟಿನ ರಬ್ಬರ್ ನೋಡಿ, ಅದರ ಮೇಲೆ ಎಣ್ಣೆ ಬೀಳುತ್ತಿದೆಯೇ ಎಂದೂ ನೋಡಿ. ನಾಲ್ಕು ತಿಂಗಳು ಆ ಜೀಪು ನಡುಗುತ್ತ ಹೇಳಿದ್ದನ್ನು ನಾವು ಕೇಳಿಸಿಕೊಂಡದ್ದು ಆರು ಜನರಿದ್ದ ಏರಿನಲ್ಲಿ. ನೀವು ಅದಕ್ಕಿಂತ ಮೊದಲೇ ಕೇಳಿಸಿಕೊಳ್ಳಿ.