ತೂಕಗಳು: ತುದಿ ತಿಳಿದರೆ ಇಡೀ ರೂಪ

ಲೀ ಬೀಜಗಣಿತದ ಘಟಕಗಳನ್ನು ಅವುಗಳ ಪರಸ್ಪರ ಸಂಬಂಧ ಕೆಡದಂತೆ ಮಾತೃಕೆಗಳಾಗಿ ಬರೆದರೆ ಅದು ಪ್ರತಿನಿಧಾನ. ಆ ಮಾತೃಕೆಗಳು ಒಂದು ಸದಿಶಾವಕಾಶದ ಮೇಲೆ ಕೆಲಸ ಮಾಡುತ್ತವೆ. ಅವೆಲ್ಲವೂ ಕೂಡಿ ಯಾವ ಚಿಕ್ಕ ಭಾಗವನ್ನೂ ಅದರಷ್ಟಕ್ಕೇ ಉಳಿಯಗೊಡದಿದ್ದರೆ ಪ್ರತಿನಿಧಾನ ಅವಿಭಾಜ್ಯ. ಅರೆಸರಳ ಲೀ ಬೀಜಗಣಿತದ ಸಾಂತ ಆಯಾಮದ ಪ್ರತಿನಿಧಾನಗಳೆಲ್ಲ ಇಂಥ ಅವಿಭಾಜ್ಯಗಳ ಮೊತ್ತ. ಆದ್ದರಿಂದ ಅವಿಭಾಜ್ಯಗಳ ಪಟ್ಟಿ ಸಿಕ್ಕರೆ ಎಲ್ಲವೂ ಸಿಕ್ಕಂತೆ. ಆ ಪಟ್ಟಿಯ ಕೀಲಿಯೇ ತೂಕ.

ತೂಕ ಎಂದರೇನು

ಬೀಜಗಣಿತದೊಳಗೆ ಪರಸ್ಪರ ಕ್ರಮ ಬದಲಿಸಿದರೂ ವ್ಯತ್ಯಾಸವಾಗದ ಘಟಕಗಳ ಒಂದು ಗುಂಪಿದೆ. ಇದು ಕಾರ್ಟಾನ್ ಉಪಬೀಜಗಣಿತ. ಇವನ್ನೆಲ್ಲ ಒಟ್ಟಿಗೇ ಕರ್ಣರೂಪಕ್ಕೆ ತರಬಹುದು. ಆಗ ಕೆಲವು ಸದಿಶಗಳನ್ನು ಈ ಘಟಕಗಳು ತಿರುಗಿಸದೆ, ಒಂದು ಸಂಖ್ಯೆಯಿಂದ ಗುಣಿಸುತ್ತವಷ್ಟೆ. ಆ ಸಂಖ್ಯೆಗಳ ಸರಣಿಯೇ ಸದಿಶದ ತೂಕ.

ಕರ್ಣದ ಮೊತ್ತ ಸೊನ್ನೆಯಾಗಿರುವ 2×2 ಮಾತೃಕೆಗಳ ಬೀಜಗಣಿತ ಎಲ್ಲಕ್ಕಿಂತ ಸರಳ. ಅದರಲ್ಲಿ ತೂಕ ಅಳೆಯುವ ಒಂದು ಘಟಕ, ತೂಕವನ್ನು 2 ಹೆಚ್ಚಿಸುವ ಏರುಕಾರಕ, 2 ತಗ್ಗಿಸುವ ಇಳಿಕಾರಕ ಇವೆ. ಆಯಾಮ ಸಾಂತವಾದ್ದರಿಂದ ಏರಿಕೆ ಎಲ್ಲೋ ನಿಲ್ಲಲೇಬೇಕು. ಅದು ನಿಲ್ಲುವ ಮೆಟ್ಟಿಲೇ ಅಗ್ರತೂಕ. ಅಗ್ರತೂಕ 3 ಆದರೆ ತೂಕಗಳು 3, 1, −1, −3, ಆಯಾಮ 4. ಇವುಗಳ ಅರ್ಧವೇ ಭೌತವಿಜ್ಞಾನದ ಸ್ಪಿನ್ ಮೌಲ್ಯಗಳು.

ಕಾರ್ಟಾನ್ ಪ್ರಮೇಯ

1913ರಲ್ಲಿ ಎಲಿ ಕಾರ್ಟಾನ್ ತೋರಿಸಿದ್ದು ಇದನ್ನೇ: ಪ್ರತಿ ಅವಿಭಾಜ್ಯಕ್ಕೂ ಒಂದೇ ಒಂದು ಅಗ್ರತೂಕವಿದೆ, ಅಗ್ರತೂಕ ಒಂದೇ ಆದರೆ ಪ್ರತಿನಿಧಾನವೂ ಒಂದೇ. ಕರ್ಣದ ಮೊತ್ತ ಸೊನ್ನೆಯಾದ 3×3 ಮಾತೃಕೆಗಳ ಬೀಜಗಣಿತದಲ್ಲಿ ಅಗ್ರತೂಕಕ್ಕೆ ಎರಡು ಸಂಖ್ಯೆಗಳು ಬೇಕು. ಅವೆರಡೂ 1 ಆದರೆ ಆಯಾಮ 8. ಆರು ತೂಕಗಳು ಷಟ್ಕೋನದ ಮೂಲೆಗಳಲ್ಲಿ ನಿಲ್ಲುತ್ತವೆ. ನಡುವಿನ ಸೊನ್ನೆತೂಕ ಎರಡು ಬಾರಿ ಬರುತ್ತದೆ. 1961ರಲ್ಲಿ ಗೆಲ್-ಮನ್ ಮತ್ತು ನೇಮನ್ ಪ್ರೋಟಾನ್, ನ್ಯೂಟ್ರಾನ್ ಸೇರಿದಂತೆ ಎಂಟು ಕಣಗಳನ್ನು ಇದೇ ಚಿತ್ರದಲ್ಲಿ ಕೂರಿಸಿದರು. ನಡುವಿನ ಎರಡು ಸ್ಥಾನ ಸಿಗ್ಮಾ-ಸೊನ್ನೆ ಮತ್ತು ಲ್ಯಾಂಬ್ಡಾ ಕಣಗಳದು.

ಬೆಂಗಳೂರಿನ ನಂಟು

ಅಗ್ರತೂಕಕ್ಕೆ ತಕ್ಕ ಅವಿಭಾಜ್ಯ ಇದ್ದೇ ಇದೆ ಎಂದು ತೋರಿಸಲು ಕಾರ್ಟಾನ್ ಪ್ರತಿಯೊಂದು ಬಗೆಯ ಬೀಜಗಣಿತವನ್ನೂ ಬೇರೆಬೇರೆಯಾಗಿ ಪರಿಶೀಲಿಸಿದ್ದರು. ಎಲ್ಲಕ್ಕೂ ಒಪ್ಪುವ ಒಂದೇ ಸಾಧನೆಯನ್ನು ಕ್ಲೋಡ್ ಶೆವಾಲೆ ಮತ್ತು ಹರೀಶ್-ಚಂದ್ರ ಕೊಟ್ಟರು. 1943ರಿಂದ 1945ರವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹೋಮಿ ಭಾಭಾ ಅವರೊಡನೆ ಕಣಗಳ ಸಿದ್ಧಾಂತದಲ್ಲಿ ತೊಡಗಿದ್ದ ಹರೀಶ್-ಚಂದ್ರ, ಬಳಿಕ ಕೇಂಬ್ರಿಡ್ಜ್‌ಗೆ ಹೋಗಿ ಗಣಿತದತ್ತ ಹೊರಳಿದರು. ಅವರ 1951ರ ಲೇಖನದ ದಾರಿ ನೇರ: ಅಗ್ರತೂಕದಿಂದ ಮೊದಲು ಇಳಿಯುವ ಎಲ್ಲ ಮೆಟ್ಟಿಲುಗಳ ಅನಂತ ಅವಕಾಶವನ್ನು ಕಟ್ಟಬೇಕು, ಆಮೇಲೆ ಹೆಚ್ಚುವರಿ ಭಾಗವನ್ನು ಸೊನ್ನೆಯಾಗಿಸಬೇಕು. ಉಳಿಯುವುದೇ ಬೇಕಾದ ಅವಿಭಾಜ್ಯ.

ಎರಡು ಅವಿಭಾಜ್ಯಗಳನ್ನು ಗುಣಿಸಿದರೆ ಏನೇನು ಬರುತ್ತದೆ ಎಂಬುದು ಮುಂದಿನ ಪ್ರಶ್ನೆ. ಅಗ್ರತೂಕ 3 ಮತ್ತು 2ರ ಗುಣಲಬ್ಧದಲ್ಲಿ 5, 3, 1 ಬರುತ್ತವೆ. ಇವುಗಳಲ್ಲಿ ಕಿರಿಯದಾದ 1, ಮೊದಲನೆಯದರ ಅಗ್ರತೂಕಕ್ಕೆ ಎರಡನೆಯದರ ಕೆಳತುದಿಯ ತೂಕವನ್ನು ಕೂಡಿಸಿದ ಫಲ: 3 + (−2). ಹೀಗೆ ಸಿಗುವ ತೂಕವು ತುದಿಯಲ್ಲಿರುವ ಅವಿಭಾಜ್ಯ ಯಾವ ಅರೆಸರಳ ಬೀಜಗಣಿತದಲ್ಲೂ ಸರಿಯಾಗಿ ಒಮ್ಮೆ ಬರುತ್ತದೆ ಎಂದು 1967ರಲ್ಲಿ ಕೆ. ಆರ್. ಪಾರ್ಥಸಾರಥಿ, ಆರ್. ರಂಗರಾವ್ ಮತ್ತು ಬೆಂಗಳೂರಿನಲ್ಲಿ 1937ರಲ್ಲಿ ಹುಟ್ಟಿದ ವಿ. ಎಸ್. ವರದರಾಜನ್ ಸಾಧಿಸಿದರು. ಎರಡನೆಯ ಅಗ್ರತೂಕವನ್ನು ಪ್ರತಿಫಲನಗಳಿಂದ ಬೇರೆ ಮೂಲೆಗಳಿಗೆ ಒಯ್ದು ಕೂಡಿಸಿದರೂ ಸಿಗುವ ಅವಿಭಾಜ್ಯಗಳು ಗುಣಲಬ್ಧದಲ್ಲಿ ಇದ್ದೇ ಇರುತ್ತವೆ ಎಂಬ ಊಹೆಗೆ ಈ ಮೂವರ ಹೆಸರಿನ ಮೊದಲಕ್ಷರಗಳೇ ಹೆಸರಾದವು. ಅದನ್ನು 1988ರಲ್ಲಿ ಶ್ರವಣ್ ಕುಮಾರ್, ಅವರಿಂದ ಸ್ವತಂತ್ರವಾಗಿ ಒಲಿವಿಯೇ ಮಾಥ್ಯೂ ಸಾಧಿಸಿದರು.