ಕೆಸರುಗದ್ದೆಗೆ ಬರುವ ದೂರದೇಶದ ಹಕ್ಕಿಗಳು

ಭಾದ್ರಪದ ಆಶ್ವಯುಜ ಮಾಸಗಳಲ್ಲಿ ಕೆರೆಗಳ ಅಂಚಿನಲ್ಲಿಯೂ ನೀರು ನಿಂತ ಗದ್ದೆಗಳಲ್ಲಿಯೂ ಬಾಲ ಕುಣಿಸುತ್ತ, ನೀಳವಾದ ಕೊಕ್ಕಿನಿಂದ ಕೆಸರನ್ನು ಚುಚ್ಚುತ್ತ ಓಡಾಡುವ ಕಂದುಬಣ್ಣದ ಸಣ್ಣ ಹಕ್ಕಿಗಳನ್ನು ನಮ್ಮ ರೈತರೆಲ್ಲರೂ ನೋಡಿರುವರು. ಇವುಗಳಿಗೆ ಗೊರವಗಳೆಂದು ಹೆಸರು. ಇವು ಟಿಟ್ಟಿಭದಂತೆ ನಮ್ಮ ಹೊಲಗಳಲ್ಲಿಯೇ ಮೊಟ್ಟೆಯಿಟ್ಟು ಮರಿಮಾಡುವ ಪಕ್ಷಿಗಳಲ್ಲ. ಗದ್ದೆಗಳಲ್ಲಿ ಹೆಚ್ಚಾಗಿ ಕಾಣುವ ಒಂದು ಜಾತಿಯು ರಷ್ಯಾ ದೇಶದ ಉತ್ತರಭಾಗದ ಜೌಗುಕಾಡುಗಳಲ್ಲಿ ಹುಟ್ಟತಕ್ಕದ್ದು. ಅದರ ತೂಕವು ಸುಮಾರು ೬೦ ಗ್ರಾಂ, ಅಂದರೆ ಐದು ತೊಲ ಮಾತ್ರ. ಗುಬ್ಬಿಯಷ್ಟೇ ತೂಕವುಳ್ಳ ಮತ್ತೊಂದು ಜಾತಿಯು ಉತ್ತರದ ಹಿಮಸಮುದ್ರದ ಬಯಲುಗಳಿಂದ ಬರುವುದು. ಚಳಿಗಾಲದಲ್ಲಿ ಅಲ್ಲಿನ ನೆಲವು ಹೆಪ್ಪುಗಟ್ಟಿ ಹುಳುಹುಪ್ಪಟೆಗಳು ದೊರೆಯದಿರುವುದರಿಂದ ಇವು ದಕ್ಷಿಣಕ್ಕೆ ಹೊರಡುವುವು.

ಈ ವರ್ಗದ ಪಕ್ಷಿಗಳ ಹಾರಾಟದ ಶಕ್ತಿಯು ನಂಬಲಸಾಧ್ಯವಾದುದು. ಅಮೆರಿಕದ ಅಲಾಸ್ಕಾ ಪ್ರಾಂತದಲ್ಲಿ ಮರಿಮಾಡುವ, ಬಾಲದಲ್ಲಿ ಪಟ್ಟೆಗಳುಳ್ಳ ಗಾಡ್ವಿಟ್ ಎಂಬ ಹಕ್ಕಿಯೊಂದು ೨೦೦೭ರಲ್ಲಿ ನ್ಯೂಜಿಲೆಂಡಿಗೆ ೧೧,೦೦೦ ಕಿಲೋಮೀಟರಿಗೂ ಹೆಚ್ಚು ದೂರವನ್ನು ಎಂಟು ದಿನಗಳಲ್ಲಿ, ಎಲ್ಲಿಯೂ ಇಳಿಯದೆ ಹಾರಿತು. ಅದರ ಮೈಯಲ್ಲಿರಿಸಿದ್ದ ಯಂತ್ರವು ಉಪಗ್ರಹದ ಮೂಲಕ ಇದನ್ನು ತಿಳಿಸಿತು. ೨೦೨೨ರಲ್ಲಿ ಕೇವಲ ಐದು ತಿಂಗಳ ಮರಿಯೊಂದು ಟಾಸ್ಮೇನಿಯಾಕ್ಕೆ ೧೩,೫೬೦ ಕಿಲೋಮೀಟರು ದೂರವನ್ನು ಹನ್ನೊಂದು ದಿನಗಳಲ್ಲಿ ಕ್ರಮಿಸಿತು. ಇವು ಬಾತಿನಂತೆ ಸಮುದ್ರದ ಮೇಲೆ ತೇಲುತ್ತ ವಿಶ್ರಮಿಸಲಾರವು.

ಹೊರಡುವುದಕ್ಕೆ ಮೊದಲು ಈ ಹಕ್ಕಿಯು ಅಳಿವೆಯ ಕೆಸರಿನಲ್ಲಿ ಹಗಲಿರುಳೂ ಮೇದು, ತನ್ನ ತೂಕದ ಅರ್ಧಭಾಗದಷ್ಟು ಕೊಬ್ಬನ್ನು ಕೂಡಿಹಾಕಿಕೊಳ್ಳುವುದು. ಆ ಬಳಿಕ ಅದರ ಕರುಳು, ಯಕೃತ್ತು ಮೊದಲಾದ ಅಂಗಗಳು ತಾವಾಗಿಯೇ ಕುಗ್ಗಿ, ದಡ ಸೇರಿದ ಮೇಲೆ ಮತ್ತೆ ಬೆಳೆಯುವುವು. ಕೊಬ್ಬು ಕರಗುವಾಗ ದೇಹಕ್ಕೆ ನೀರೂ ದೊರೆಯುವುದು. ದನಗಳನ್ನು ಮೇಯಿಸಿ ಬಲ್ಲವರಿಗೂ ಇದು ಸೋಜಿಗವೇ ಸರಿ.

ಆದರೆ ಹಿಂದಿರುಗುವಾಗ ಈ ಹಕ್ಕಿಗಳು ಚೀನಾ ಕೊರಿಯಾಗಳ ನಡುವಣ ಹಳದಿ ಸಮುದ್ರದ ಕೆಸರುದಡಗಳಲ್ಲಿ ಮೇಯಲೇಬೇಕು. ದಕ್ಷಿಣ ಕೊರಿಯಾದ ಸೇಮಾಂಗಮ್ ಎಂಬಲ್ಲಿ ಭತ್ತದ ಗದ್ದೆಗಳನ್ನು ಮಾಡುವ ಉದ್ದೇಶದಿಂದ ಆರಂಭಿಸಿದ ೩೩ ಕಿಲೋಮೀಟರು ಉದ್ದದ ಗೋಡೆಯು ೨೦೦೬ರಲ್ಲಿ ಸಮುದ್ರವನ್ನು ಮುಚ್ಚಿತು. ಅಲ್ಲಿ ಮೇಯುತ್ತಿದ್ದ ಸಹಸ್ರಾರು ಹಕ್ಕಿಗಳು ಇಲ್ಲವಾದುವು. ನೆರೆಯ ತೀರಗಳಲ್ಲಿ ಅಷ್ಟು ಸಂಖ್ಯೆ ಹೆಚ್ಚಲೂ ಇಲ್ಲ. ಸಾಗುವಳಿಯನ್ನು ವಿಸ್ತರಿಸುವುದೇ ನಮ್ಮ ಕೆಲಸವಾದರೂ, ಬರಿಯ ಕೆಸರೆಂದು ಕಾಣುವ ನೆಲವನ್ನೆಲ್ಲ ಪಾಳೆಂದು ಬರೆಯುವುದು ತರವಲ್ಲವೆಂದು ನನ್ನ ಅಭಿಪ್ರಾಯ.

ಉತ್ತರ ಕನ್ನಡದ ಅಘನಾಶಿನಿ ಅಳಿವೆಯನ್ನು ನೋಡಿರಿ. ಅಲ್ಲಿನ ಗಜನಿ ಭೂಮಿಯಲ್ಲಿ ಉಪ್ಪನ್ನು ತಾಳುವ ಕಗ್ಗ ಭತ್ತವು ಬೆಳೆಯುವುದು; ಕೆಸರಿನಲ್ಲಿ ಬಳಚು ದೊರೆಯುವುದು; ಅದೇ ಕೆಸರಿನಲ್ಲಿ ವಲಸೆಯ ಹಕ್ಕಿಗಳೂ ಮೇಯುವುವು. ೨೦೨೪ರಲ್ಲಿ ಈ ಅಳಿವೆಯು ರಾಮ್ಸಾರ್ ಪಟ್ಟಿಗೆ ಸೇರಿತು.

ಗೊರವಗಳು ಹುಳುಗಳನ್ನು ತಿನ್ನತಕ್ಕವು. ಪೈರಿಗೆ ಇವುಗಳಿಂದ ಹಾನಿಯಿಲ್ಲ. ಇವುಗಳನ್ನು ಬಲೆಯೊಡ್ಡಿ ಹಿಡಿಯುವುದು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಹರಳುರೂಪದ ಕೀಟನಾಶಕವನ್ನು ಹಾಕುವವರು ಅದನ್ನು ಮಣ್ಣಿನಲ್ಲಿ ಚೆನ್ನಾಗಿ ಬೆರೆಸತಕ್ಕದ್ದು. ಮೇಲೆ ಚೆಲ್ಲಿದ ಹರಳುಗಳನ್ನೂ ವಿಷವೇರಿದ ಹುಳುಗಳನ್ನೂ ತಿಂದು ಹಕ್ಕಿಗಳು ಸಾಯುವುದುಂಟು. ಏಪ್ರಿಲ್ ತಿಂಗಳಲ್ಲಿ, ಉತ್ತರಕ್ಕೆ ಹೊರಡುವ ಮುನ್ನ, ಇವು ಎಡೆಬಿಡದೆ ಮೇಯುವುದರಿಂದ ಬೇಸಿಗೆಯ ಭತ್ತವಿಟ್ಟವರು ಆಗ ವಿಶೇಷವಾಗಿ ಎಚ್ಚರಿಕೆಯಿಂದಿರಬೇಕು.